ಒದ್ದೆ ಕವರನ್ನು ಮಡಿಸಿಡಬೇಡಿ

ಶಿವಮೊಗ್ಗದ ಕಡೆಯಿಂದ ಬಂದು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಮನೆ ಮಾಡಿರುವವರಿಗೆ ಮಳೆಯೆಂದರೆ ಜೂನ್, ಜುಲೈ. ಇಲ್ಲಿ ಹಾಗಲ್ಲ. ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಹಿಡಿಯುವ, ತಮಿಳರ ಐಪ್ಪಸಿ ತಿಂಗಳ ಮಳೆ ಡಿಸೆಂಬರ್‌ವರೆಗೂ ಬಿಡುವುದಿಲ್ಲ. ನೀವು ಕಾರಿಗೋ ಸ್ಕೂಟರಿಗೋ ಒಳ್ಳೆಯ ಕವರನ್ನೇ ತಂದು ಹೊದಿಸುತ್ತೀರಿ, ಸಂತೋಷ. ಆದರೆ ಅದನ್ನು ಒಣಗಿಸುವ ಗೋಜಿಗೆ ಹೋಗುವುದಿಲ್ಲ, ನನಗೆ ಬೇಸರವಾಗುವುದು ಅಲ್ಲೇ.

ಈ ಜಾಗದ ಗುಣವನ್ನೂ ತಿಳಿದಿರಿ. ನಮ್ಮ ಲೇಕ್ ವ್ಯೂ ರೋಡಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ, ಪಕ್ಕದಲ್ಲಿ ದೊಡ್ಡ ಕೆರೆಯೇ ಇತ್ತು. 1920ರ ದಶಕದಲ್ಲಿ ಅದನ್ನು ಬತ್ತಿಸಿ ಟಿ. ನಗರ ಕಟ್ಟಿದರು. ನೀರು ತನ್ನ ಹಳೆಯ ಜಾಗ ಮರೆಯುವುದಿಲ್ಲ, ಜೋರು ಮಳೆ ಬಂದರೆ ದೊರೈಸ್ವಾಮಿ ಸಬ್‌ವೇ ತುಂಬುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈನ ಬೀದಿಗಳಲ್ಲಿ ಮೀನುಗಾರರ ದೋಣಿಗಳೇ ಓಡಾಡಿದವು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ಅದು ಹೋದ ಮೇಲೆ ನಮ್ಮ ಮನೆಯಲ್ಲೂ ಅವಸರಕ್ಕೆ ಕಾರಿನ ಕವರನ್ನು ಒದ್ದೆಯಲ್ಲೇ ಮಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ್ದೆವು. ಹದಿನೈದು ದಿನ ಬಿಟ್ಟು ತೆಗೆದರೆ ಮಡಿಕೆ ಮಡಿಕೆಯಲ್ಲೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಕನ್ನಡಿ ಕೂರುವ ಕಿವಿಯೊಳಗೆ ಬೂದುಬಣ್ಣದ ನವಿರು, ಅಂಚಿನ ಎಲಾಸ್ಟಿಕ್ಕಿನ ಹತ್ತಿರ ಮುಗ್ಗಲು ವಾಸನೆ.

ಬೂಷ್ಟು ಪಾಲಿಯೆಸ್ಟರ್ ಬಟ್ಟೆಯನ್ನು ತಿಂದು ಬೆಳೆಯುವುದಲ್ಲ. ಅದರ ಮೇಲೆ ಕೂತ ಧೂಳು, ಎಲೆಪುಡಿ, ಹಕ್ಕಿ ಹಿಕ್ಕೆ ಅದಕ್ಕೆ ಊಟ, ತೇವ ಅದಕ್ಕೆ ನೀರು. ಹಾಗಾಗಿ ವಾರಕ್ಕೊಮ್ಮೆ ಕವರನ್ನು ಕೊಡವಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಬೇಡಿ.

ಆಗಲೇ ಬೂಷ್ಟು ಹಿಡಿದಿದ್ದರೆ ಮನೆಯೊಳಗೆ ಒಣಗಿದ್ದನ್ನು ಉಜ್ಜಬೇಡಿ, ಪುಡಿ ಹಾರಿ ನಿಮ್ಮ ಎದೆಗೂ ಹೋಗುತ್ತದೆ, ಹಾಸಿಗೆ ಬಟ್ಟೆಗೂ ಕೂರುತ್ತದೆ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಲೇ ಬಾರದು. ಮೂಗು, ಬಾಯಿ ಮುಚ್ಚಿಕೊಂಡು ಮಹಡಿಗೆ ಒಯ್ಯಿರಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೊದಲು ಒಂದು ಮೂಲೆಗೆ ಹಚ್ಚಿ ಬಣ್ಣ ಬಿಡುತ್ತದೋ ನೋಡಿ. ಬಿಡದಿದ್ದರೆ ಚುಕ್ಕೆಗಳ ಮೇಲೆಲ್ಲ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ. ಕಟುವಾದ ಡಿಟರ್ಜೆಂಟ್ ಬೇಡ, ನೀರು ತಡೆಯುವ ಲೇಪವೇ ಹೋಗುತ್ತದೆ. ವಾಷಿಂಗ್ ಮಷೀನೂ ಬೇಡ.

ನೆರೆ ಇಳಿದ ಮೇಲೆ ಬೀದಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ಇದಕ್ಕೂ ಸುರಿಯುವವರಿದ್ದಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಹೊಲಿಗೆಯ ದಾರ ಸವೆಯುತ್ತದೆ, ಬಣ್ಣ ಮಾಸುತ್ತದೆ. ಅದಕ್ಕಿಂತ ದೊಡ್ಡ ಮಾತು: ವಿನೆಗರ್ ಹಚ್ಚಿದ ಜಾಗಕ್ಕೆ ಬ್ಲೀಚ್ ತಗಲಲೇ ಕೂಡದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಎರಡನ್ನೂ ಒಂದೇ ಬಕೆಟ್ಟಿನ ಹತ್ತಿರ ತರಬೇಡಿ. ಇನ್ನು, ತೊಳೆದ ಮೇಲೂ ಸ್ವಲ್ಪ ಕಲೆ ಉಳಿದರೆ ಹಟ ಹಿಡಿದು ಉಜ್ಜಿ ಬಟ್ಟೆ ಹರಿಯಬೇಡಿ. ವಾಸನೆ ಹೋಗಿ, ಹೊಸ ಚುಕ್ಕೆ ಬರದಿದ್ದರೆ ಸಾಕು.

ಒಣಗಿಸುವಾಗ ಒಂದೇ ಹಗ್ಗಕ್ಕೆ ಹಾಕಿದರೆ ಎರಡು ಪದರ ಅಂಟಿಕೊಂಡು ಒಳಗೆ ತೇವ ನಿಲ್ಲುತ್ತದೆ. ಎರಡು ಹಗ್ಗಗಳ ನಡುವೆ ಮೊಳ ಬಿಟ್ಟು, ಒಳಮಗ್ಗುಲು ಮೇಲೆ ಬರುವ ಹಾಗೆ ಹರಡಿ. ಕಡೆಗೆ ಎಲಾಸ್ಟಿಕ್ ಅಂಚನ್ನು ಬೆರಳಲ್ಲಿ ಹಿಂಡಿ ನೋಡಿ, ಒಣಗಲು ಎಲ್ಲಕ್ಕಿಂತ ತಡಮಾಡುವುದು ಅದೇ. ಮಡಿಸಿ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ. ನುಸಿಗುಳಿಗೆ ಹಾಕಿದರೆ ಹುಳು ಬರಲಿಕ್ಕಿಲ್ಲ, ಆದರೆ ಬೂಷ್ಟು ಅದಕ್ಕೆ ಹೆದರುವುದಿಲ್ಲ.

ಮಳೆಯಲ್ಲಿ ನೆನೆದು ಬಂದ ಗಾಡಿಗೆ ತಕ್ಷಣ ಕವರ್ ಎಳೆಯಬೇಡಿ. ಆ ನೀರು ಆವಿಯಾಗಿ ಒಳಗೇ ಬೆವರಿ, ಬೂಷ್ಟೂ ಬರುತ್ತದೆ, ಬ್ರೇಕು, ಚೈನಿಗೆ ತುಕ್ಕೂ ಹಿಡಿಯುತ್ತದೆ. ಒರೆಸಿ, ಸೈಲೆನ್ಸರ್ ಆರಿದ ಮೇಲೆ ಹೊದಿಸಿ, ಇಲ್ಲವೆಂದರೆ ಕವರ್ ಕರಗಿ ಅಂಟಿಕೊಳ್ಳುತ್ತದೆ. ಹೊಸದನ್ನು ಕೊಳ್ಳುವಾಗ ಗಾಳಿ ಕಿಂಡಿ ಇರುವುದನ್ನೇ ಕೇಳಿ. ಬರೀ ಪ್ಲಾಸ್ಟಿಕ್ ತಾರ್ಪಾಲ್ ಮಳೆಯನ್ನೂ ತಡೆಯುತ್ತದೆ, ತೇವವನ್ನೂ ಒಳಗೇ ಕೂಡಿಹಾಕುತ್ತದೆ.

ಬಾಯಾರಿದಾಗ ಬಾವಿ ತೋಡಲು ಹೊರಡುವುದು ಬೇಡ. ಸೆಪ್ಟೆಂಬರ್ ಬಿಸಿಲಿರುವಾಗಲೇ ಕವರನ್ನು ಅಟ್ಟದಿಂದ ಇಳಿಸಿ ಮಹಡಿಯಲ್ಲಿ ಬಿಡಿಸಿ, ಹೊಲಿಗೆ ಬಿಟ್ಟ ಕಡೆ ಎರಡು ಎಳೆ ನೈಲಾನ್ ದಾರ ಹಾಕಿಸಿಕೊಂಡು ಬನ್ನಿ.