ಬದುವಿನ ಒಣಹುಲ್ಲು, ತೋಟದ ಬೆಂಕಿ

ಸಂಕ್ರಾಂತಿ ಕಳೆದು ಶಿವರಾತ್ರಿ ಬರುವಷ್ಟರಲ್ಲಿ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳ ಬದುಗಳೆಲ್ಲ ಹಳದಿ ತಿರುಗಿರುತ್ತವೆ. ಹಿಂಗಾರು ಮಳೆಗೆ ಮೊಣಕಾಲೆತ್ತರ ಬೆಳೆದ ಹುಲ್ಲು ನಿಂತಲ್ಲೇ ಒಣಗುತ್ತದೆ. ಅದರ ಮೇಲೆ ಗರಿ, ಎಡೆಮಟ್ಟೆ, ಕುರಂಬಾಳೆ ಬಿದ್ದು ರಾಶಿಯಾಗುತ್ತವೆ. ಆಮೇಲೆ ದಾರಿಹೋಕರು ಎಸೆದ ಬೀಡಿ ತುಂಡೋ, ಪಕ್ಕದ ಹೊಲದವರು ಕಸಕ್ಕೆ ಹಚ್ಚಿದ ಬೆಂಕಿಯೋ, ಗಾಳಿಗೆ ಒಂದಕ್ಕೊಂದು ತಾಗಿದ ಕರೆಂಟ್ ತಂತಿಯ ಕಿಡಿಯೋ ಸಾಕು. ನಮ್ಮ ತೋಟದ ಅಂಚಿಗೂ ಇಂಥ ಬೆಂಕಿ ಬಂದದ್ದುಂಟು. ಅಂದಿನಿಂದ ಸುತ್ತಲಿನ ರೈತರು ಬೇಸಿಗೆಗೆ ಮುಂಚೆ ಏನು ಮಾಡುತ್ತಾರೆ, ಏನು ಬಿಡುತ್ತಾರೆ ಎಂದು ಗಮನಿಸುತ್ತ ಬಂದಿದ್ದೇನೆ. ಬೆಂಕಿ ಬಂದ ಮೇಲೆ ನಮ್ಮ ಕೈಯಲ್ಲಿ ಆಗುವುದು ಬಹಳ ಕಡಿಮೆ. ಜನವರಿಯಲ್ಲೇ ಆಗಬೇಕಾದ ಕೆಲಸ ಬಹಳ ಇದೆ.

ಕಾಡ್ಗಿಚ್ಚು ಎಂದರೆ ಹಾಸನದವರ ಕಣ್ಣು ಮೊದಲು ಸಕಲೇಶಪುರದ ಕಡೆ ಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಆ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದದ್ದನ್ನು ನಾಡೆಲ್ಲ ನೋಡಿತು. ಬಯಲುಸೀಮೆಯ ತಾಲ್ಲೂಕುಗಳ ಬೆಂಕಿ ಇಷ್ಟು ಸುದ್ದಿಯಾಗುವುದಿಲ್ಲ. ಇಲ್ಲಿ ಸುಡುವುದು ಹನಿ ನೀರಾವರಿಯ ಪೈಪು, ಮೂರು ವರ್ಷದ ತೆಂಗಿನ ಸಸಿ, ದನಗಳ ವರ್ಷದ ಮೇವಾದ ಹುಲ್ಲಿನ ಮೆದೆ. ಒಂದು ಮನೆಯ ಬದುಕು ಮಗುಚಿ ಬೀಳಲು ಅಷ್ಟು ಸಾಕು.

ತೆಂಗು ಗಟ್ಟಿ ಮರ. ನೆಲದ ಹುಲ್ಲು ಉರಿದು ಬುಡ ಕಪ್ಪಾದರೂ ಬಲಿತ ಮರ ಸಾಮಾನ್ಯವಾಗಿ ಉಳಿಯುತ್ತದೆ, ಏಕೆಂದರೆ ಅದರ ಜೀವವಿರುವುದು ಮೇಲೆ, ಸುಳಿಯಲ್ಲಿ. ಒಣಗಿ ಜೋತುಬಿದ್ದ ಗರಿಗಳಿದ್ದರೆ ಬೆಂಕಿ ಅವನ್ನೇ ಹಿಡಿದು ಸುಳಿಯವರೆಗೆ ಹತ್ತುತ್ತದೆ. ಸುಳಿ ಬೆಂದರೆ ಮರ ಹೋಯಿತು. ತೆಂಗಿಗೆ ಪಕ್ಕದ ಚಿಗುರಿಲ್ಲ, ಮತ್ತೆ ಒಡೆಯುವುದಿಲ್ಲ. ಎಳೆ ಸಸಿಗಳ ಸುಳಿಯಂತೂ ಹುಲ್ಲಿನ ಎತ್ತರದಲ್ಲೇ ಇರುತ್ತದೆ. ಕಾಯಿ ಕೀಳುವವರು ಬಂದಾಗ ಒಣಗರಿಗಳನ್ನೂ ಇಳಿಸಿಕೊಳ್ಳಬೇಕು. ಕೂಲಿ ಉಳಿಸಲು ಬಿಡುವ ಕೆಲಸವಲ್ಲ ಇದು.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ನೆಲದ ತೇವ ಉಳಿಯಬೇಕಾದರೆ ತೋಟದಲ್ಲಿ ಮುಚ್ಚಿಗೆ ಬೇಕು. ಸಹಜ ಕೃಷಿಯವರು ದಶಕಗಳಿಂದ ಹೇಳುತ್ತಿರುವ ಈ ಮಾತು ಸುಳ್ಳಲ್ಲ. ಬೋರ್‌ವೆಲ್ ಬತ್ತಿದ ಊರಿನಲ್ಲಿ ಗರಿಯನ್ನೆಲ್ಲ ಬಳಿದು ಹೊರಹಾಕಿದರೆ ಮರ ಬಾಯಾರಿ ಸಾಯುತ್ತದೆ. ಆದರೆ ಅದೇ ಮುಚ್ಚಿಗೆ ಬದುವಿನಿಂದ ಬದುವಿಗೆ ಎಡೆಬಿಡದೆ ಹಾಸಿದ್ದರೆ ಬೆಂಕಿಗೆ ರಸ್ತೆ ಹಾಕಿಕೊಟ್ಟಂತೆ. ಇದನ್ನು ಚೆನ್ನಾಗಿ ಸರಿದೂಗಿಸುವವರು ತೋಟದ ಒಳಗೆ ಒಂದು ನಿಯಮ, ಅಂಚಿಗೆ ಇನ್ನೊಂದು ಎಂದು ಇಟ್ಟುಕೊಂಡಿದ್ದಾರೆ. ಒಳಗೆ ಗರಿಗಳನ್ನು ತುಂಡು ಮಾಡಿ ನೀರು ಬೀಳುವ ಪಾತಿಯಲ್ಲೇ ಹಾಕುತ್ತಾರೆ. ಮಟ್ಟೆಯನ್ನು ಚರಂಡಿ ತೋಡಿ ಹೂಳುತ್ತಾರೆ. ಸುತ್ತ ನಾಲ್ಕೂ ಅಂಚಿನಲ್ಲಿ ಹತ್ತು ಹನ್ನೆರಡು ಅಡಿ ಪಟ್ಟಿಯನ್ನು ಉತ್ತು, ಬರಿ ಮಣ್ಣು ಕಾಣುವಂತೆ ಬಿಡುತ್ತಾರೆ. ಕಾಡಿನಲ್ಲಿ ಅರಣ್ಯ ಇಲಾಖೆ ಮಾಡುವ ಬೆಂಕಿ ರೇಖೆಯ ಕೆಲಸವೇ ಇದು. ಒಂದು ವ್ಯತ್ಯಾಸ: ಇಲಾಖೆಯವರು ಆ ಪಟ್ಟಿಯ ಹುಲ್ಲನ್ನು ಕಾದು ನಿಂತು ಸುಡುತ್ತಾರೆ. ರೈತರು ಅದನ್ನು ನೋಡಿ ಒಂಟಿಯಾಗಿ ಕಡ್ಡಿ ಗೀರಬಾರದು. ಕುಡುಗೋಲು, ನೇಗಿಲು, ಮೇಯುವ ದನ ಸಾಕು.

ಹಳೆಯ ಬೇಲಿಗಳ ಬಗ್ಗೆಯೂ ಹೇಳಬೇಕು. ಕತ್ತಾಳೆ, ಕಳ್ಳಿ ಎರಡೂ ರಸಭರಿತ ಗಿಡಗಳು, ಬೆಂಕಿ ಅವುಗಳಲ್ಲಿ ಸುಲಭವಾಗಿ ಹಬ್ಬುವುದಿಲ್ಲ. ಅವನ್ನು ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆದ ಮೇಲೆ ಆ ಸಾಲಿನಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ, ಹುಲ್ಲು ತುಂಬಿಕೊಂಡವು. ತಂತಿಯ ಕೆಳಗೆ ನೇಗಿಲು ಹೋಗದು, ಕೈಯಿಂದಲೇ ಸವರಬೇಕು.

ಅರಕಲಗೂಡು, ಹೊಳೆನರಸೀಪುರದ ಕಡೆ ಅಪಾಯ ಬೇರೆ ಬಗೆಯದು: ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು, ಅವುಗಳ ಪಕ್ಕದಲ್ಲೇ ಪೇರಿಸಿದ ಸೌದೆ, ಅಲ್ಲಲ್ಲಿ ನೀಲಗಿರಿ ತೋಪು. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ, ಸುಲಿದ ತೊಗಟೆ ಉರಿಯುತ್ತ ಗಾಳಿಯಲ್ಲಿ ಹಾರುತ್ತದೆ. ಅಂತರ್ಜಲದ ಕಾರಣಕ್ಕೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳ ಕೆಳಗಿನ ತರಗು ಹಾಗೇ ಇದೆ.

ಮನೆಗಳನ್ನು ಸುಡುವುದು ಹೆಚ್ಚಾಗಿ ಹಾರಿಬರುವ ಕೆಂಡ. ಅಮೆರಿಕದ ಅರಣ್ಯ ಸೇವೆಯಲ್ಲಿ ಸಂಶೋಧಕರಾಗಿದ್ದ ಜ್ಯಾಕ್ ಕೋಹೆನ್ ತೋರಿಸಿಕೊಟ್ಟದ್ದು ಇದನ್ನೇ: ಮನೆ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮನೆ ಮತ್ತು ಅದರ ಸುತ್ತಲಿನ ನೂರು ಅಡಿಯಲ್ಲಿ ತೀರ್ಮಾನವಾಗುತ್ತದೆ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಬೆಂಕಿಯಲ್ಲಿ 85 ಜನ ಸತ್ತರು. ಅಲ್ಲೂ ಕೆಂಡದ ಮಳೆ ಜ್ವಾಲೆಗಿಂತ ಮುಂದೆ ಓಡಿತ್ತು. ನಮ್ಮ ಹಿರಿಯರು ಕಣವನ್ನೂ ಮೆದೆಯನ್ನೂ ಮನೆಗಳಿಂದ ದೂರ ಇಡುತ್ತಿದ್ದರು. ಈಗ ಟ್ರ್ಯಾಕ್ಟರಿನಲ್ಲಿ ಬಂದ ಹುಲ್ಲು ಕೊಟ್ಟಿಗೆಯ ಗೋಡೆಗೇ ಒರಗುತ್ತದೆ. ಅದನ್ನು ದೂರ ಸರಿಸಿ. ಹೆಂಚಿನ ಸಂದಿನ ತರಗೆಲೆ ಗುಡಿಸಿ.

ಕಷ್ಟದ ಭಾಗ ಪಕ್ಕದವರನ್ನು ಒಪ್ಪಿಸುವುದು. “ನಿಮ್ಮ ಕಡೆ ನೀವು ಸವರಿಕೊಳ್ಳಿ ಅಣ್ಣ, ನಮ್ಮ ಕಡೆ ನಾವು ನೋಡ್ಕೋತೀವಿ” ಎಂಬಲ್ಲಿಗೆ ಮಾತು ನಿಂತರೆ ಬದು ಹಾಗೇ ಉಳಿಯುತ್ತದೆ, ಏಕೆಂದರೆ ಅದು ಇಬ್ಬರದ್ದೂ ಹೌದು. ಗುಡ್ಡದ ಇಳಿಜಾರಿನ ಮೇಲ್ಭಾಗದಲ್ಲಿ ತೋಟವಿದ್ದವರು ಇದಕ್ಕೆ ಮೊದಲು ಮುಂದಾಗಬೇಕು. ಬೆಂಕಿ ಏರಿನಲ್ಲಿ ಬೇಗ ಓಡುತ್ತದೆ.

ಮಧ್ಯಾಹ್ನ ಬೆಂಕಿ ಬಿದ್ದಾಗ ತ್ರೀ ಫೇಸ್ ಕರೆಂಟ್ ಇರುತ್ತದೆಂಬ ಭರವಸೆಯಿಲ್ಲ, ಮೋಟಾರನ್ನು ನಂಬಿ ಕೂರುವಂತಿಲ್ಲ. ಡ್ರಮ್ಮಿನಲ್ಲಿ ನೀರು, ಔಷಧಿ ಹೊಡೆಯುವ ಕ್ಯಾನು ಸಿದ್ಧವಿರಲಿ. ಹೊಗೆ ಕಂಡೊಡನೆ 112ಕ್ಕೆ ಕರೆ ಮಾಡಿ. ತೋಟಕ್ಕೆ ಬರುವ ಗಾಡಿದಾರಿಯ ಇಕ್ಕೆಲದ ಕೊಂಬೆಗಳನ್ನೂ ಈ ಜನವರಿಯಲ್ಲೇ ಸವರಿಡಿ. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹೊರಟು ಬಂದರೂ ಆ ದಾರಿಯಲ್ಲಿ ನುಗ್ಗಲಾಗದಿದ್ದರೆ ಅದರ ನೀರು ತೋಟಕ್ಕೆ ಮುಟ್ಟುವುದಿಲ್ಲ.