ಮನೆಗೆ ಬಂದ ಮೇಲಿನ ಖರ್ಚು

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರಿಗೂ ಅದು ಸರಿ ಕಾಣಲಿಲ್ಲ. ಸಿಕ್ ಲೀವ್ ಒಂದು ತಿಂಗಳಿನಷ್ಟಿತ್ತು. 'ಕೂತು ಮಾಡುವ ಕೆಲಸ ತಾನೆ, ಎರಡನೇ ತಿಂಗಳಿಂದ ಹೋದರಾಯಿತಪ್ಪ' ಎಂದರು ನಮ್ಮ ಭಾವ. ಅಡುಗೆಗೂ ಮನೆಗೆಲಸಕ್ಕೂ ಮೂರು ತಿಂಗಳ ಮಟ್ಟಿಗೆ ಒಬ್ಬರನ್ನು ಇಟ್ಟುಕೊಳ್ಳುತ್ತೇನೆ ಎಂದಾಗ ಅತ್ತೆಗೆ ಇನ್ನೂ ಕಸಿವಿಸಿಯಾಯಿತು. 'ಹೇಗೂ ಮನೆಯಲ್ಲೇ ಇರ್ತೀಯಲ್ಲಮ್ಮ' ಎಂಬುದು ಅವರ ಮಾತು. ನಾನು ಎರಡಕ್ಕೂ ಜಗ್ಗಲಿಲ್ಲ. ಅವಧಿ ಮುಗಿಯದ ಎಫ್‌ಡಿಯೊಂದನ್ನು ಮುರಿಸಿ ಆ ದುಡ್ಡನ್ನು ಇದಕ್ಕೇ ಎತ್ತಿಟ್ಟೆ. ಇಷ್ಟು ವರ್ಷ ಈ ಅಂಕಣದಲ್ಲಿ ಎಫ್‌ಡಿ ಮುರಿಯಬೇಡಿ ಎಂದು ಬರೆದವಳು ನಾನೇ. ಆದರೂ ಇದನ್ನು ಮುರಿದದ್ದು ಸರಿ ಎಂದು ಲೆಕ್ಕ ಸಮೇತ ಹೇಳಬೇಕೆನಿಸಿದೆ.

ನನ್ನದು ಸ್ತನ ಕ್ಯಾನ್ಸರ್. ಕೀಮೊ ಮೊದಲೇ ಆಗಿತ್ತು. ಕಂಕುಳಿನ ಗ್ರಂಥಿಗಳಲ್ಲಿ ಇನ್ನೂ ಕಾಯಿಲೆ ಉಳಿದಿದ್ದರಿಂದ, ಒಂದೆರಡನ್ನು ತೆಗೆದು ಪರೀಕ್ಷೆಗೆ ಕಳಿಸುವ ಸಣ್ಣ ಆಪರೇಷನ್ ಸಾಲದು, ಗ್ರಂಥಿಗಳನ್ನು ತೆಗೆದು ಕಂಕುಳನ್ನು ಪೂರ್ತಿ ಶುದ್ಧ ಮಾಡಬೇಕು ಎಂದರು ಸರ್ಜನ್. ಇಷ್ಟು ದೊಡ್ಡ ಮಾತಿಗೆ ಆಸ್ಪತ್ರೆಯಲ್ಲಿ ಮೂರೇ ರಾತ್ರಿ. ಕಂಕುಳ ಕೆಳಗೆ ಡ್ರೈನ್ ಟ್ಯೂಬ್, ಅದರ ತುದಿಗೊಂದು ಡಬ್ಬಿ, ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ. ಹಾಗೇ ಕಾರು ಹತ್ತಿದೆ. ಡಬ್ಬಿಯಲ್ಲಿ ತುಂಬುವ ನೀರನ್ನು ಪ್ರತಿದಿನ ಅಳೆದು ಬರೆದಿಡಬೇಕು. ಎರಡು ದಿನ ಸತತವಾಗಿ 30 ಮಿ.ಲೀ.ಗಿಂತ ಕಡಿಮೆಯಾದರೆ ಟ್ಯೂಬ್ ತೆಗೆಯುವುದು ಎಂದು ನಮ್ಮ ಸರ್ಜನ್ ಹೇಳಿದ್ದರು. ತೋಳಿನ ಒಳಬದಿಯಲ್ಲಿ ಮುಟ್ಟಿದರೆ ತಿಳಿಯದಂಥ ಜೋಮು. ಭುಜ ಮೇಲೇಳುವುದಿಲ್ಲ. ಆಸ್ಪತ್ರೆಯವರ ಮಟ್ಟಿಗೆ ಆಗಲೇ ಕೆಲಸ ಮುಗಿದಿತ್ತು. ನನ್ನ ಮಟ್ಟಿಗೆ ಅದು ಶುರುವಾದದ್ದೇ ಮನೆಯ ಮೆಟ್ಟಿಲು ಹತ್ತಿದ ಮೇಲೆ.

ಗ್ರಂಥಿಗಳು ಹೋದ ತೋಳಿನಲ್ಲಿ ದುಗ್ಧರಸ ಮೊದಲಿನ ಹಾಗೆ ಹರಿದುಹೋಗುವುದಿಲ್ಲ. ಕಂಕುಳನ್ನು ಹೀಗೆ ಪೂರ್ತಿ ಶುದ್ಧ ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಕೈ ಬಾವು ಬರುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ. ಬಂದರೆ ಹಿಡಿತದಲ್ಲಿಟ್ಟುಕೊಳ್ಳಬಹುದು, ಪೂರ್ತಿ ಹೋಗಲಾಡಿಸುವುದು ಕಷ್ಟ. ಆ ಕೈಗೆ ಸಣ್ಣ ಗಾಯವಾಗಿ ಸೋಂಕು ತಗುಲಿದರೂ ಬಾವು ಏರುತ್ತದೆ, ಸೋಂಕು ಜೋರಾದರೆ ಮತ್ತೆ ಅಡ್ಮಿಟ್ ಆಗಿ ಆಂಟಿಬಯಾಟಿಕ್ ಡ್ರಿಪ್ ಹಾಕಿಸಿಕೊಳ್ಳಬೇಕು. ಇಷ್ಟು ತಿಳಿದ ಮೇಲೆ ನಮ್ಮ ಅಡುಗೆಮನೆಯನ್ನು ನೆನಪಿಗೆ ತಂದುಕೊಳ್ಳಿ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು ಕೈಗೆ. ಈಳಿಗೆಮಣೆಯ ಮೇಲೆ ಕಾಯಿ ತುರಿಯುವುದು ಅದೇ ಕೈ. ಕುಕ್ಕರ್ ಇಳಿಸುವುದು, ದೋಸೆಹಿಟ್ಟಿನ ಪಾತ್ರೆ ಎತ್ತುವುದು, ಒದ್ದೆ ಬಟ್ಟೆಯ ಬಕೆಟ್ಟನ್ನು ಮಹಡಿಗೆ ಹೊರುವುದು, 20 ಲೀಟರಿನ ನೀರಿನ ಕ್ಯಾನ್ ಬಗ್ಗಿಸುವುದು ಎಲ್ಲ ಅದೇ ಕೈ. ನನಗೆ ಬಲಗೈ. ಆಫೀಸಿನಲ್ಲಿ ನಾನು ಎತ್ತುವ ಅತಿ ಭಾರದ ವಸ್ತುವೆಂದರೆ ಒಂದು ಫೈಲು. 'ಮನೆಯಲ್ಲಿ ರೆಸ್ಟ್ ತಗೊಳ್ಳಿ' ಎಂದು ಡಾಕ್ಟರು ಗಂಡಸಿಗೆ ಹೇಳಿದರೆ ಆತ ಮಲಗುತ್ತಾನೆ. ಹೆಂಗಸಿಗೆ ಹೇಳಿದರೆ, ಅವಳು ಮನೆಯಲ್ಲಿ ಮಾಡುತ್ತಿದ್ದ ಕೆಲಸವನ್ನೆಲ್ಲ ಬೇರೆ ಯಾರೋ ಮಾಡಬೇಕು. ಯಾರೂ ಮಾಡದಿದ್ದರೆ ದುಡ್ಡು ಕೊಟ್ಟು ಮಾಡಿಸಬೇಕು. ಈ ಖರ್ಚನ್ನು ಯಾವ ಹಣಕಾಸು ಯೋಜನೆಯ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಬಳೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಕೈಗೆ ಬಿಗಿಯಾದದ್ದು ಏನೂ ಬೇಡ ಎಂದಾಗ ಬಲಗೈ ಬಳೆಗಳನ್ನು ತೆಗೆದಿಟ್ಟೆ. ಅದು ಅತ್ತೆಗೆ ಆಪರೇಷನ್ನಿಗಿಂತ ದೊಡ್ಡ ನೋವಾಯಿತು. ಬಿ.ಪಿ. ನೋಡುವುದು, ರಕ್ತ ತೆಗೆಯುವುದು ಎಲ್ಲ ಇನ್ನು ಎಡಗೈಯಲ್ಲೇ ಎಂದು ಅವರಿಗೆ ಕೂತು ವಿವರಿಸಿದ ಮೇಲೆ, ಲ್ಯಾಬ್‌ನವರು ಬಂದಾಗ 'ಆ ಕೈ ಅಲ್ಲಪ್ಪ' ಎಂದು ನನಗಿಂತ ಮೊದಲು ಎಚ್ಚರಿಸುತ್ತಿದ್ದವರು ಅವರೇ.

ಇನ್ನು ಭುಜದ ಮಾತು. ಆಪರೇಷನ್ ಆದ ಮೇಲೆ ರೇಡಿಯೇಷನ್ ಬಾಕಿಯಿತ್ತು. ಅದನ್ನು ಕೊಡುವಾಗ ತೋಳನ್ನು ತಲೆಯ ಮೇಲಕ್ಕೆತ್ತಿ ಅಲುಗಾಡದೆ ಮಲಗಬೇಕು. ಭುಜ ಬಿಗಿದುಕೊಂಡಿದ್ದರೆ ಆ ಭಂಗಿಯೇ ಸಾಧ್ಯವಿಲ್ಲ, ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ದಿನಕ್ಕಿಷ್ಟಿಷ್ಟು ಮೇಲೇರಿಸುವ ವ್ಯಾಯಾಮವನ್ನು ಹೊತ್ತುಹೊತ್ತಿಗೆ, ನೋವಾದರೂ, ಬೇಸರವಾದರೂ ಮಾಡಬೇಕು. ಆಫೀಸಿನಲ್ಲಿ ಕುರ್ಚಿಗಂಟಿ ಕೂತವರಿಗೆ ಇದು ಆಗದು. ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತು ಹೋಗುವವರಿಗಂತೂ ದೂರದ ಮಾತು.

ಈಗ ಲೆಕ್ಕ. ನನ್ನ ಕೈಗೆ ಬರುವ ಸಂಬಳ 48,000 ರೂ. ಎರಡು ತಿಂಗಳು ಬಾರದಿದ್ದರೆ 96,000. ಮನೆಗೆಲಸ, ಅಡುಗೆ ಎರಡಕ್ಕೂ ಬಂದಾಕೆಗೆ ತಿಂಗಳಿಗೆ 15,000, ಮೂರು ತಿಂಗಳಿಗೆ 45,000. ಅಲ್ಲಿಗೆ 1,41,000. ಫಿಸಿಯೊಥೆರಪಿಸ್ಟ್ ಮನೆಗೇ ಬರುತ್ತಿದ್ದರು. ಒಂದು ಸಲಕ್ಕೆ 600, ವಾರಕ್ಕೆ ಮೂರು ಸಲ, ಎಂಟು ವಾರ: 14,400. ಒಟ್ಟು 1,55,400. ರೇಡಿಯೇಷನ್ ಮುಗಿಯುವ ಹೊತ್ತಿಗೆ ಮುಂಗೈಯ ಸುತ್ತಳತೆ ತುಸು ಏರಿದ್ದು ಟೇಪಿನಲ್ಲಿ ಕಂಡಿತು. ಅದಕ್ಕೆ ಕಂಪ್ರೆಶನ್ ಸ್ಲೀವ್, ಅಂಗೈಗೊಂದು ಗ್ಲೌಸ್. ಒಂದು ಜೊತೆಗೆ 5,000. ಒಂದನ್ನು ಒಗೆದು ಒಣಗಿಸುವಾಗ ಇನ್ನೊಂದು ಬೇಕು, ಹಾಗಾಗಿ 10,000. ಒಟ್ಟು 1,65,400. ಡ್ರೆಸ್ಸಿಂಗ್, ಔಷಧ 5,600. ಆಸ್ಪತ್ರೆಗೆ ಹೋಗಿಬರಲು ಆಟೊ, ಕ್ಯಾಬು 9,000. ಎಲ್ಲ ಸೇರಿ 1,80,000 ರೂ. ಆಪರೇಷನ್ ಮತ್ತು ರೇಡಿಯೇಷನ್ನಿನ ಬಿಲ್ಲು ಇದರಲ್ಲಿ ಇಲ್ಲ. ಅವೆರಡೂ ಕ್ಯಾಶ್‌ಲೆಸ್‌ನಲ್ಲಿ ಹೋದವು.

ಈ 1,80,000ದಲ್ಲಿ ವಿಮೆಯಿಂದ ವಾಪಸು ಬಂದದ್ದು ಫಿಸಿಯೊಥೆರಪಿಯ 14,400, ಡ್ರೆಸ್ಸಿಂಗಿನ ಬಾಬ್ತಿನಲ್ಲಿ 3,600. ಒಟ್ಟು 18,000, ನೂರಕ್ಕೆ ಹತ್ತು. ಉಳಿದ 1,62,000 ಎಫ್‌ಡಿಯದು. ಭಾವ ಹೇಳಿದ ಹಾಗೆ ಮಾಡಿದ್ದರೆ 96,000 ಉಳಿಯುತ್ತಿತ್ತು, ಅತ್ತೆಯ ಮಾತು ಕೇಳಿದ್ದರೆ ಇನ್ನೂ 45,000. ರಜೆ ಹಾಕಿದ್ದರಿಂದಲೇ ಕೈ ಬಾವು ಅಷ್ಟಕ್ಕೇ ನಿಂತಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಯಾರಿಗೂ ಬಾರದು. ಆದರೆ ರೇಡಿಯೇಷನ್ ಗೊತ್ತಾದ ದಿನಕ್ಕೇ ಶುರುವಾಯಿತು. ತೋಳು ತಲೆಯ ಮೇಲಕ್ಕೆ ಹೋಯಿತು. ಕೈಗೆ ಒಂದು ಸುಟ್ಟ ಗುಳ್ಳೆಯೂ ಏಳಲಿಲ್ಲ. 1,62,000 ಕೊಟ್ಟು ನಾನು ಪಡೆದದ್ದು ಇದನ್ನು. ಮತ್ತೆ ಕೊಡಬೇಕಾಗಿ ಬಂದರೂ ಕೊಡುತ್ತೇನೆ.

ಆ 18,000 ಕೂಡ ತಾನಾಗಿ ಬರಲಿಲ್ಲ. ಮನೆಗೆ ಬಂದ ಮೇಲಿನ ಚಿಕಿತ್ಸೆಯ ಖರ್ಚು ಕೊಡುವ ಪೋಸ್ಟ್ ಹಾಸ್ಪಿಟಲೈಸೇಶನ್ ಅವಧಿ ನನ್ನ ಪಾಲಿಸಿಯಲ್ಲಿ 60 ದಿನ. ಅದು ಡಿಸ್ಚಾರ್ಜ್ ಆದ ದಿನದಿಂದ ಓಡತೊಡಗುತ್ತದೆ, ಡ್ರೈನ್ ತೆಗೆದ ದಿನದಿಂದಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಫಿಸಿಯೊಥೆರಪಿ ಅಗತ್ಯ' ಎಂದು ಬರೆಯಿಸಿಕೊಂಡಿದ್ದೆ. ಆ ಒಂದು ಸಾಲು ಇಲ್ಲದಿದ್ದರೆ ವಿಮೆಯ ಕ್ಲೇಮು ಪರಿಶೀಲಿಸುವ ಟಿಪಿಎ ಅದನ್ನೂ ಹೊಡೆದುಹಾಕುತ್ತಿತ್ತು. ಸ್ಲೀವ್ ಕೊಳ್ಳುವಷ್ಟರಲ್ಲಿ 60 ದಿನ ದಾಟಿತ್ತು, ಆ ಬಿಲ್ಲು ಹಾಗೇ ವಾಪಸು ಬಂತು. ಬಾವಿನ ಭಯ ಬದುಕಿರುವಷ್ಟು ಕಾಲವೂ ಇರುವಾಗ ಪಾಲಿಸಿಯ ಈ ಅವಧಿ ಎರಡೇ ತಿಂಗಳಿಗೆ ಮುಗಿದುಹೋಗುತ್ತದೆ. ಇನ್ನು ಅಟೆಂಡೆಂಟ್ ಚಾರ್ಜಸ್, ಸ್ಪೆಷಲ್ ನರ್ಸಿಂಗ್ ಚಾರ್ಜಸ್ ವಿಮೆ ಕೊಡದ ವಸ್ತುಗಳ ಪಟ್ಟಿಯಲ್ಲೇ ಇವೆ, ಅವನ್ನು ಕೇಳಿ ಕಾಲ ಕಳೆಯಬೇಡಿ. ಡೊಮಿಸಿಲಿಯರಿ ಎಂಬ ಹೆಸರು ಕಂಡು ಆಸೆಪಡುವವರೂ ಇದ್ದಾರೆ. ಅದು ಆಸ್ಪತ್ರೆಗೆ ಸಾಗಿಸಲಾಗದ ರೋಗಿಗೆ, ಇಲ್ಲವೇ ಹಾಸಿಗೆ ಸಿಗದ ರೋಗಿಗೆ ಮನೆಯಲ್ಲಿ ಕೊಡುವ ಚಿಕಿತ್ಸೆ. ಚೇತರಿಕೆಗೆ ಅದು ಅನ್ವಯಿಸದು.

ನನಗೆ ತಡೆಯಲಾಗದ ಸಿಟ್ಟು ಬರುವುದು ಹಾಸ್ಪಿಟಲ್ ಕ್ಯಾಶ್ ಎಂಬ ಪಾಲಿಸಿಯ ಮೇಲೆ. ನಾನು ಇನ್ನೂ ಕೈಗೆ ಸ್ಲೀವ್ ಹಾಕಿಕೊಂಡಿರುವಾಗಲೇ ನನ್ನ ತಂಗಿಯ ಮನೆಗೆ ಏಜೆಂಟೊಬ್ಬರು ಇದನ್ನು ಮಾರಲು ಹೋಗಿದ್ದರು, ನನ್ನ ಕಾಯಿಲೆಯನ್ನೇ ಉದಾಹರಣೆ ಕೊಟ್ಟು. 'ನಿಮ್ಮ ಅಕ್ಕನಿಗೆ ಇದಿದ್ದಿದ್ದರೆ ದಿನಕ್ಕೆ 2,000 ಬರುತ್ತಿತ್ತು' ಎಂದರಂತೆ. ಬರುತ್ತಿತ್ತು, ನಿಜ. ಮೂರು ರಾತ್ರಿಯಲ್ಲಿ ಮೊದಲ 24 ಗಂಟೆ ಲೆಕ್ಕಕ್ಕಿಲ್ಲ. ಉಳಿದ ಎರಡು ದಿನಕ್ಕೆ 4,000. ಒಂದು ಲಕ್ಷದ ಎಂಬತ್ತು ಸಾವಿರದ ಎದುರು ನಾಲ್ಕು ಸಾವಿರ! ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಸಿಕೊಂಡು ಕೊಡುವುದು ಇಷ್ಟು. ಕೆಲವು ದೊಡ್ಡ ಪಾಲಿಸಿಗಳಲ್ಲಿ ರಿಕವರಿ ಬೆನಿಫಿಟ್ ಎಂಬ ಇನ್ನೊಂದು ಆಮಿಷ ಇರುತ್ತದೆ, ಚೇತರಿಕೆಗೆಂದೇ ಇಡುಗಂಟು. ಷರತ್ತು ಓದಿ: ಹತ್ತು ದಿನ ಸತತವಾಗಿ ಆಸ್ಪತ್ರೆಯಲ್ಲಿರಬೇಕು. ಕಂಕುಳಿನ ಆಪರೇಷನ್ನಿಗೆ ಹತ್ತು ದಿನ ಯಾರು ಇಟ್ಟುಕೊಳ್ಳುತ್ತಾರೆ? ಇವತ್ತಿನ ಶಸ್ತ್ರಚಿಕಿತ್ಸೆ ರೋಗಿಯನ್ನು ಬೇಗ ಮನೆಗೆ ಕಳಿಸುತ್ತದೆ, ಅದು ಒಳ್ಳೆಯದೇ. ಈ ಪಾಲಿಸಿಗಳು ಮಾತ್ರ ಇನ್ನೂ ಹಾಸಿಗೆಯ ದಿನಗಳನ್ನೇ ಎಣಿಸುತ್ತ ಕೂತಿವೆ. ತಂಗಿಗೆ ಫೋನಿನಲ್ಲೇ ಬೇಡ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ.

ಮನೆಯ ಖರ್ಚಿಗೆ ಒದಗುವುದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾತ್ರ. ಕಾಯಿಲೆ ಪತ್ತೆಯಾದ ಮೇಲೆ ಪಾಲಿಸಿ ಹೇಳುವಷ್ಟು ದಿನ, ಅಂದರೆ ಸರ್ವೈವಲ್ ಪೀರಿಯಡ್, ದಾಟಿದರೆ ಇಡುಗಂಟು ಕೈಗೆ ಬರುತ್ತದೆ, ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಕೇಳುವುದಿಲ್ಲ. ತೀರ ಆರಂಭದ ಹಂತದ ಕ್ಯಾನ್ಸರಿಗೆ ಬಹಳಷ್ಟು ಪಾಲಿಸಿಗಳಲ್ಲಿ ಇದು ಬಾರದು ಎಂಬುದು ನೆನಪಿರಲಿ. ಆರೋಗ್ಯವಾಗಿರುವಾಗಲೇ ತೆಗೆದುಕೊಳ್ಳಿ. ನನಗೆ ಇನ್ನು ಯಾರೂ ಕೊಡುವುದಿಲ್ಲ.

ಪಾಲಿಸಿಗಿಂತ ಮೊದಲು ಆಗಬೇಕಾದ ಕೆಲಸವೊಂದು ಮನೆಯಲ್ಲೇ ಇದೆ. ನಮ್ಮ ಗಂಡಸರು, ಗಂಡುಮಕ್ಕಳು ಅನ್ನ, ಸಾರು, ಪಲ್ಯ ಮಾಡುವುದನ್ನು ಕಲಿಯಬೇಕು. ನಾನಿದನ್ನು ಲೆಕ್ಕದ ಮಾತಾಗಿಯೇ ಹೇಳುತ್ತಿದ್ದೇನೆ. ಮನೆಯಲ್ಲಿ ಇಬ್ಬರಿಗೆ ಅಡುಗೆ ಬಂದಿದ್ದರೆ ಆ 45,000ದಲ್ಲಿ ಅರ್ಧವಾದರೂ ಉಳಿಯುತ್ತಿತ್ತು. ನನ್ನ ಮಗ ಆ ಮೂರು ತಿಂಗಳಲ್ಲಿ ಬಟ್ಟೆ ಒಣಹಾಕುವುದನ್ನೂ ಚಪಾತಿ ಬೇಯಿಸುವುದನ್ನೂ ಕಲಿತ, ಈಗಲೂ ಬಿಟ್ಟಿಲ್ಲ. ಹದಿನಾರರ ಹುಡುಗನಿಗೆ ಬಂದದ್ದು ಐವತ್ತರ ಗಂಡಸಿಗೆ ಬಾರದೇ? ಕಾಯಿಲೆ ಬಂದ ದಿನ ಸ್ಟವ್ ಹಚ್ಚುವುದು ಹೇಗೆಂದು ಕೇಳುವ ಮನೆಯಲ್ಲಿ ಎಷ್ಟು ಲಕ್ಷದ ಪಾಲಿಸಿಯಿದ್ದರೂ ಹೆಂಗಸು ಹೊಲಿಗೆ ಬಿಚ್ಚುವ ಮೊದಲೇ ಒಲೆಯ ಮುಂದೆ ನಿಂತಿರುತ್ತಾಳೆ. ಹಾಗೆ ನಿಂತವರನ್ನು ರೇಡಿಯೇಷನ್ ವಿಭಾಗದ ಬೆಂಚಿನಲ್ಲಿ ಕಂಡಿದ್ದೇನೆ, ಮಾತಾಡಿಸಿದ್ದೇನೆ. ದುಡ್ಡಿಲ್ಲದ್ದಕ್ಕಲ್ಲ, ಕೇಳಲು ಸಂಕೋಚಪಟ್ಟು ನಿಂತವರು ಅವರಲ್ಲಿ ಎಷ್ಟೋ ಮಂದಿ. ಬಿಲ್ಲುಗಳನ್ನು ಒಂದು ಫೈಲಿಗೆ ಹಾಕುವ ಅಭ್ಯಾಸವನ್ನೂ ಇದರ ಜೊತೆಗೇ ಮಾಡಿಕೊಳ್ಳಿ, ಅದು ಗಂಡನ ಕೆಲಸವೇ ಆಗಲಿ.

ತಿಂಗಳ ಸಂಬಳ 21,000 ಮೀರದ, ಇಎಸ್‌ಐ ಕಡಿತವಾಗುವ ಉದ್ಯೋಗದಲ್ಲಿರುವವರು ಒಂದು ವಿಷಯದಲ್ಲಿ ನನಗಿಂತ ವಾಸಿ. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಿಗೆ, ಸೇವೆಯ ಷರತ್ತು ಪೂರೈಸಿದ್ದರೆ, ನೂರಕ್ಕೆ 80ರಂತೆ ಎರಡು ವರ್ಷಗಳವರೆಗೂ ವಿಸ್ತರಿಸಬಹುದು. ಗಾರ್ಮೆಂಟ್ ಕಾರ್ಖಾನೆಗಳ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತಿದೆಯೋ! ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ದಯವಿಟ್ಟು ತಿಳಿಸಿ.

ನಮ್ಮ ಮನೆಗೆಲಸಕ್ಕೆ ಬಂದಾಕೆಗೆ ಇಎಸ್‌ಐ ಇಲ್ಲ. ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಇದೇ ಆಪರೇಷನ್ ಆಕೆಗಾದರೆ ಮರುತಿಂಗಳ ಸಂಬಳವನ್ನು ಯಾರೂ ಕೊಡುವುದಿಲ್ಲ, ಆಕೆಯ ಮನೆಯ ಕೊಡ ಹೊರಲು ಯಾರೂ ಬರುವುದಿಲ್ಲ. ಆಕೆಯ ಹೆಸರಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಆರ್‌ಡಿ ತೆರೆದಿದ್ದೇನೆ. ಮನೆಗೆಲಸದವರನ್ನು ಇಟ್ಟುಕೊಂಡಿರುವ ಓದುಗರು ಕಾಯಿಲೆ ಬಿದ್ದ ತಿಂಗಳ ಸಂಬಳ ಕಡಿಯುವ ಪದ್ಧತಿಯನ್ನು ಇವತ್ತೇ ನಿಲ್ಲಿಸಬಹುದು, ಅದಕ್ಕೆ ಯಾವ ಪಾಲಿಸಿಯೂ ಬೇಕಿಲ್ಲ.