ಶಾಲೆಯ ಗಂಟೆ ಸರಿಸಿದರೆ ಎಷ್ಟು ಬಸ್ಸು ಉಳಿಯುತ್ತೆ?

ಚಿತ್ತವಾಡ್ಗಿಯಲ್ಲಿ ನಮ್ಮ ಓಣಿಯ ಮೂಲೆಗೆ ಬೆಳಿಗ್ಗೆ ಎಂಟರಿಂದ ಎಂಟೂವರೆಯೊಳಗೆ ಮೂರು ಶಾಲೆಗಳ ಹಳದಿ ಬಸ್ಸು ಬರ್ತವೆ. ಒಂದರಲ್ಲೂ ಸೀಟು ಪೂರ್ತಿ ತುಂಬಿರೋದಿಲ್ಲ. ಹತ್ತು ಗಂಟೆ ಆಯ್ತು ಅಂದರೆ ಅವೆಲ್ಲ ಶಾಲೆ ಕಾಂಪೌಂಡಿನಲ್ಲಿ ಸಂಜೆವರೆಗೂ ನಿಂತೇ ಇರ್ತವೆ. ನಮ್ಮ ಚಿಕ್ಕಪ್ಪನ ಮಗಳದು ಬೇರೆ ಕಥೆ. ಕಮಲಾಪುರದಿಂದ ಹೊಸಪೇಟೆಯ ಸರ್ಕಾರಿ ಶಾಲೆಗೆ ಒಂಬತ್ತನೇ ಕ್ಲಾಸಿಗೆ ಬರ್ತಾಳೆ, ಕಾಲಿಡೋಕೆ ಜಾಗ ಇಲ್ಲದ ಬಸ್ಸಿನಲ್ಲಿ, ಬ್ಯಾಗು ಎದೆಗೆ ಒತ್ತಿಕೊಂಡು. ಒಂದು ದಿನ ಕೇಳಿದಳು: "ಅಣ್ಣ, ನೀ ಇಂಜಿನಿಯರಿಂಗ್ ಓದ್ತಿಯಲ್ಲ, ಎಲ್ಲಾ ಸಾಲಿ, ಆಫೀಸು ಒಂದೇ ಟೈಮಿಗೆ ಯಾಕ ಇಡ್ತಾರ?"

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ಈ ಲೇಖನ ಆಯ್ತು. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಲೆಕ್ಕವನ್ನು ಕನ್ನಡದಲ್ಲಿ ಬರೀತಿರೋದು ಇದೇ ಮೊದಲು, ತಪ್ಪಿದ್ದರೆ ಹೇಳಿ.)

ಮೊದಲು ಹಳದಿ ಬಸ್ಸಿನ ಲೆಕ್ಕ. ಅಂಕಿಗಳು ನನ್ನ ಊಹೆ, ಲೆಕ್ಕ ಅರ್ಥ ಆಗಲಿ ಅಂತ ಇಟ್ಟುಕೊಂಡದ್ದು. ಊರಲ್ಲಿ ಮೂರು ಶಾಲೆ ಇವೆ ಅಂದುಕೊಳ್ಳಿ. ಒಂದೊಂದಕ್ಕೂ 4 ರೂಟು. ಒಂದು ರೂಟಿನ ಮಕ್ಕಳನ್ನು ಹತ್ತಿಸಿಕೊಂಡು ಶಾಲೆ ಮುಟ್ಟೋಕೆ 40 ನಿಮಿಷ. ಅಲ್ಲಿಂದ ಇನ್ನೊಂದು ಶಾಲೆಯ ರೂಟಿನ ಮೊದಲ ಸ್ಟಾಪಿಗೆ ಖಾಲಿ ಓಡೋಕೆ 15 ನಿಮಿಷ. ಮೂರೂ ಶಾಲೆ 9:00ಕ್ಕೆ ಶುರುವಾದರೆ 12 ಬಸ್ಸು ಬೇಕು, ಬೇರೆ ದಾರಿ ಇಲ್ಲ.

ಈಗ ಗಂಟೆಯನ್ನು 8:00, 8:30, 9:00 ಅಂತ ಸರಿಸೋಣ. ಅರ್ಧ ತಾಸು ಸಿಕ್ಕಿತು, ಒಂದೇ ಬಸ್ಸು ಮೂರೂ ಕಡೆ ಓಡಬಹುದು ಅನ್ಸುತ್ತೆ. ನನಗೂ ಹಂಗೇ ಅನ್ಸಿತ್ತು. ಆದರೆ ಎರಡನೇ ಶಾಲೆಯ ರೂಟು 7:50ಕ್ಕೇ ಹೊರಡಬೇಕು, ಆ ಹೊತ್ತಿಗೆ ಮೊದಲ ಶಾಲೆಯ ಬಸ್ಸು ಇನ್ನೂ ದಾರಿಯಲ್ಲಿರುತ್ತೆ. ಮೂರನೇ ಶಾಲೆಯ ರೂಟು ಹೊರಡೋದು 8:20ಕ್ಕೆ. 8:00ಕ್ಕೆ ಮಕ್ಕಳನ್ನು ಇಳಿಸಿದ ಬಸ್ಸು 8:15ಕ್ಕೆ ಅಲ್ಲಿ ಸಿಗುತ್ತೆ. ಹಾಗಾಗಿ ಒಟ್ಟು 8 ಬಸ್ಸು ಸಾಕು. ಅಂತರ 55 ನಿಮಿಷ ಆದರೆ, ಅಂದರೆ 8:00, 8:55, 9:50 ಮಾಡಿದರೆ, 4 ಬಸ್ಸೇ ಮೂರೂ ಶಾಲೆಗೆ ಓಡ್ತವೆ.

ಗಂಟೆ ಎಷ್ಟು ಸರಿದರೂ ಸಾಲದು, 40 ಮತ್ತು 15 ಸೇರಿದ 55 ನಿಮಿಷ ದಾಟಬೇಕು. ಡಿಸ್ಕ್ರೀಟ್ ಮ್ಯಾಥ್ಸ್ ಓದಿದವರಿಗೆ ಇದು ಗೊತ್ತಿರೋ ಲೆಕ್ಕವೇ: ಒಂದೊಂದು ಟ್ರಿಪ್ಪನ್ನೂ ಅದರ ಖಾಲಿ ಓಟದ ಸಮೇತ ಒಂದು ಗೆರೆಯಾಗಿ ಎಳೆಯಿರಿ. ಯಾವ ಕ್ಷಣದಲ್ಲಿ ಅತಿ ಹೆಚ್ಚು ಗೆರೆಗಳು ಒಂದರ ಮೇಲೊಂದು ಬೀಳ್ತವೋ, ಆ ಸಂಖ್ಯೆಯೇ ಬೇಕಾದ ಕನಿಷ್ಠ ಬಸ್ಸು. ಕ್ಲಾಸುಗಳಿಗೆ ರೂಮು ಹಂಚೋದೂ ಇದೇ ರೀತಿ.

ಉಳಿತಾಯ ಎಲ್ಲಿ ಅನ್ನೋದನ್ನೂ ಸರಿಯಾಗಿ ನೋಡಬೇಕು. ಡೀಸೆಲ್ ಉಳಿಯೋದಿಲ್ಲ. 12 ಟ್ರಿಪ್ಪು 12 ಟ್ರಿಪ್ಪೇ, ಮೇಲಿಂದ ಖಾಲಿ ಓಟ ಬೇರೆ. ಉಳಿಯೋದು ಬಸ್ಸಿನ ಸಾಲದ ಕಂತು, ಇನ್ಶೂರೆನ್ಸ್, ಟ್ಯಾಕ್ಸು, ಎಫ್‌ಸಿ, ಮತ್ತೆ ಡ್ರೈವರ್ ಸಂಬಳ. ಉಳಿತಾಯ ಅಂದಾಗ ಅದರೊಳಗೆ ಎಂಟು ಡ್ರೈವರ್‌ಗಳ ಕೆಲಸವೂ ಸೇರಿದೆ ಅನ್ನೋದನ್ನು ನಾನು ಲೆಕ್ಕ ಮುಗಿಸಿದ ಮೇಲೆ ಗಮನಿಸಿದೆ. ಇನ್ನೊಂದು: 55 ನಿಮಿಷದಲ್ಲಿ ಒಂದು ನಿಮಿಷವೂ ಬಿಡುವಿಲ್ಲ. ಅನಂತಶಯನಗುಡಿ ರೈಲ್ವೆ ಗೇಟಿನಲ್ಲಿ ಕಾದು ಬೆಳೆದವರಿಗೆ ಅದರ ಅರ್ಥ ಗೊತ್ತು. ಮೊದಲ ಟ್ರಿಪ್ಪು ಹತ್ತು ನಿಮಿಷ ಲೇಟಾದರೆ ಮೂರನೇ ಶಾಲೆಯ ಮಕ್ಕಳೂ ಲೇಟು. ಅಂತರ 70 ನಿಮಿಷ ಇಡೋದು ವಾಸಿ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದು ಅಮೆರಿಕದ ಬಾಸ್ಟನ್. ಅಲ್ಲಿ ಸರ್ಕಾರಿ ಶಾಲೆಗಳ ಬಸ್ ಖರ್ಚು ವರ್ಷಕ್ಕೆ 10 ಕೋಟಿ ಡಾಲರ್ ದಾಟುತ್ತೆ. 2017ರಲ್ಲಿ ಎಂಐಟಿಯ ಸಂಶೋಧಕರು ಮೊದಲು ರೂಟುಗಳನ್ನಷ್ಟೇ ಕಂಪ್ಯೂಟರಿನಿಂದ ಮರುಜೋಡಿಸಿ 50 ಬಸ್ಸು, ಸುಮಾರು 50 ಲಕ್ಷ ಡಾಲರ್ ಉಳಿಸಿಕೊಟ್ಟರು. ಯಾರೂ ಬೈಯಲಿಲ್ಲ ಅನ್ಸುತ್ತೆ. ಆಮೇಲೆ ಶಾಲೆಯ ಗಂಟೆಗಳಿಗೆ ಕೈ ಹಾಕಿದರು. ಹದಿಹರೆಯದವರಿಗೆ ಬೆಳಗಿನ ನಿದ್ದೆ ಬೇಕು, ಹೈಸ್ಕೂಲು 8:30ಕ್ಕಿಂತ ಮೊದಲು ಶುರುವಾಗಬಾರದು ಅಂತ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು. ಹೈಸ್ಕೂಲು ಹಿಂದಕ್ಕೆ ಹೋದರೆ ಅದೇ ಬಸ್ಸಿಗೆ ಮೊದಲ ಟ್ರಿಪ್ಪು ಬೇರೆ ಯಾರಾದರೂ ಆಗಬೇಕಲ್ಲ? ಚಿಕ್ಕ ಮಕ್ಕಳಾದರು. ಎಷ್ಟೋ ಪ್ರೈಮರಿ ಶಾಲೆಗಳಿಗೆ 7:15 ಬಂತು. ಡಿಸೆಂಬರಿನಲ್ಲಿ ಪಟ್ಟಿ ಹೊರಬಿತ್ತು, ತಂದೆತಾಯಂದಿರು ಗಲಾಟೆ ಎಬ್ಬಿಸಿದರು, ಅದೇ ತಿಂಗಳು ಯೋಜನೆ ವಾಪಸ್.

ನಮ್ಮ ಬೆಂಗಳೂರಲ್ಲೂ ಮಾತು ಬಂದಿತ್ತು. ಟ್ರಾಫಿಕ್ ಕಡಿಮೆ ಮಾಡೋಕೆ ಶಾಲಾ ಸಮಯ ಬದಲಿಸಬಹುದಾ ನೋಡಿ ಅಂತ ಹೈಕೋರ್ಟ್ ಸೂಚಿಸಿದ ಮೇಲೆ, 2023ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಸಭೆ ಕರೆಯಿತು. ಶಾಲೆಯವರೂ ಪೋಷಕರೂ ಒಪ್ಪಲಿಲ್ಲ. ಈಗಲೇ ಬೇಗ ಏಳೋ ಮಕ್ಕಳನ್ನು ಇನ್ನೂ ಬೇಗ ಎಬ್ಬಿಸಬೇಕಾ ಅಂತ.

ಅಂದರೆ ಲೆಕ್ಕ ಸರಿ ಇದ್ದೂ ಎರಡೂ ಕಡೆ ಸೋತಿದ್ದು ಮನೆ ಗಡಿಯಾರದ ಎದುರು. ಆ ಗಡಿಯಾರ ಶಾಲೆಯೊಂದರದೇ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಹತ್ತೋ ಜಿಂದಾಲ್ ಬಸ್ಸಿನ ಪಾಳಿ, ನಳ ಬರೋ ಹೊತ್ತು, ಎರಡು ಶಾಲೆಗೆ ಹೋಗೋ ಇಬ್ಬರು ಮಕ್ಕಳು, ಎಲ್ಲ ಸೇರಿ ಅಮ್ಮ ಏಳೋ ಹೊತ್ತು ತೀರ್ಮಾನ ಆಗುತ್ತೆ. ಹಾಗಂತ ಸಮಯ ಸರಿಸೋದು ನಮಗೆ ಹೊಸದೂ ಅಲ್ಲ. ಬಿಸಿಲಿಗೆ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು 8:00ರಿಂದ 1:30ರವರೆಗೆ ನಡೀತವೆ, ವಿಜಯನಗರ ಜಿಲ್ಲೆಯೂ ಅದರಲ್ಲಿದೆ.

ಈಗ ತಂಗಿಯ ಬಸ್ಸು. ಅದಕ್ಕೆ ಹಳದಿ ಬಸ್ಸಿನ ಲೆಕ್ಕ ಹತ್ತೋದಿಲ್ಲ. ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಸುಮಾರು 30 ಕಿಲೋಮೀಟರ್. ಹೋಗಿ ಬರೋಕೆ ಎರಡು ತಾಸಿನ ಹತ್ತಿರ. ಶಾಲೆ ಅರ್ಧ ತಾಸು ಸರಿದರೆ ಅದೇ ಬಸ್ಸು ಇನ್ನೊಂದು ಟ್ರಿಪ್ಪು ಹೊಡೆಯೋಕಾಗಲ್ಲ. ಹಾಗಾಗಿ ಬಸ್ಸಿನ ಸಂಖ್ಯೆಯಲ್ಲಿ ಏನೂ ಉಳಿಯಲ್ಲ. ಆದರೆ ಜನ ಹಂಚಿಹೋಗ್ತಾರೆ. ಒಂಬತ್ತರ ಬಸ್ಸಿನಲ್ಲಿ ಆಫೀಸಿನವರು, ಶಾಲೆಯವರು, ಪಿಯು, ಡಿಗ್ರಿಯವರು ಎಲ್ಲರೂ ಇರ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಓಡಾಟವೂ ಹೆಚ್ಚಿದೆ, ಹೆಚ್ಚಲಿ ಅಂತಲೇ ತಂದದ್ದು. ಹಿಂದೆ ಮುಂದೆ ಬರೋ ಬಸ್ಸಿನಲ್ಲಿ ಜಾಗ ಇರುತ್ತೆ.

ಇದಕ್ಕೆ ಸಾಕ್ಷಿ ಬೇಕಾದರೆ ಶನಿವಾರ ನೋಡಿ. ಅವತ್ತು ಅವಳಿಗೆ ಬೆಳಗಿನ ಶಾಲೆ, ಆಫೀಸಿನವರು ಮಾಮೂಲಿ ಟೈಮಿಗೆ. "ಶನಿವಾರ ಕುಂತ್ಕಂಡು ಬರ್ತೀನಿ ಅಣ್ಣ" ಅಂದಳು. ಹಾಗಾದರೆ ದಿನಾ ಬೆಳಗಿನ ಶಾಲೆ ಇಡಲಾ ಅಂದೆ. ಬೇಡವೇ ಬೇಡ ಅಂದಳು. ಚಿಕ್ಕಮ್ಮ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗ್ತಾರೆ, ಶನಿವಾರ ಇವಳು ರೊಟ್ಟಿ ಇಲ್ಲದೆ ಬರ್ತಾಳೆ. ಚಳಿಗಾಲದಲ್ಲಿ ಸ್ಟಾಪಿನ ಹತ್ತಿರ ಕತ್ತಲು ಬೇರೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಹಳದಿ ಬಸ್ಸಿನ ಶಾಲೆಗಳು ತಮ್ಮತಮ್ಮಲ್ಲೇ ಕೂತು 70 ನಿಮಿಷದ ಅಂತರ ಹಂಚಿಕೊಳ್ಳಬಹುದು, ಪ್ರೈಮರಿಯನ್ನು ಮೊದಲ ಟ್ರಿಪ್ಪಿಗೆ ಹಾಕದೆ. ಕಂಪ್ಲಿ ರೋಡಿನ ಬಸ್ಸಿನಲ್ಲಿ ಮಾತ್ರ ಸರಿಯಬೇಕಾದವಳು ಅವಳಲ್ಲ. ಹತ್ತೊಂಬತ್ತು, ಇಪ್ಪತ್ತು ವರ್ಷದ ನಾವು, ಕಾಲೇಜಿನವರು. ನಮ್ಮ ಮೊದಲ ಪೀರಿಯಡ್ಡು ಎಂಟಕ್ಕೆ ಇಟ್ಟರೆ ಹೇಗೆ ಅಂತ ಕ್ಲಾಸಿನಲ್ಲಿ ಕೈ ಎತ್ತಿಸಿ ನೋಡಿದೆ. ಕಂಪ್ಲಿ ಕಡೆಯಿಂದ ಬರೋ ಮೂವರು ಎತ್ತಿದರು. ಹಾಸ್ಟೆಲಿನವರು, ಕಾಲೇಜಿಗೆ ಐದು ನಿಮಿಷದ ದಾರಿ ಇರೋರು, ನನ್ನನ್ನು ಹೊರಗೆ ಅಟ್ಟೋದೊಂದು ಬಾಕಿ.